ಹದಿಮೂರನೆಯ ಬ್ಲೇಡ್

ಟ್ಯಾಮಿ ಜೋ ಶಲ್ಟ್ಸ್ ಎಂಬ ಹೆಸರು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. 2018ರಲ್ಲಿ ಅಮೆರಿಕದಲ್ಲಿ ಎಂಜಿನ್ ಒಡೆದ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದ ಮಹಿಳಾ ಕ್ಯಾಪ್ಟನ್ ಆಕೆ. ಮಹಿಳಾ ದಿನಾಚರಣೆಯ ಭಾಷಣಗಳಿಗೆ ಹೇಳಿ ಮಾಡಿಸಿದ ಕಥೆ. ಆದರೆ ಆ ದಿನ ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು ಎಂಬುದು ಹೊಗಳಿಕೆಯ ಭರಾಟೆಯಲ್ಲಿ ಹಿಂದೆ ಸರಿಯಿತು. ಆ ಸಾವಿನ ಹಿಂದೆ ದೀರ್ಘವಾದ ಇತಿಹಾಸವಿದೆ.

ಏಪ್ರಿಲ್ 17ರ ಬೆಳಿಗ್ಗೆ ಸೌತ್‌ವೆಸ್ಟ್ ಏರ್‌ಲೈನ್ಸ್‌ನ 1380ನೇ ವಿಮಾನ ನ್ಯೂಯಾರ್ಕಿನ ಲಾಗಾರ್ಡಿಯಾದಿಂದ ಡಲ್ಲಾಸ್‌ಗೆ ಹೊರಟಿತು. ಬೋಯಿಂಗ್ 737-700 ವಿಮಾನ, 144 ಪ್ರಯಾಣಿಕರು, ಐವರು ಸಿಬ್ಬಂದಿ. ಹೊರಟು ಸುಮಾರು 20 ನಿಮಿಷ ಕಳೆದಿತ್ತು. 32 ಸಾವಿರ ಅಡಿ ದಾಟಿ ಮೇಲೇರುತ್ತಿದ್ದಾಗ ಎಡಗಡೆಯ ಎಂಜಿನ್ ಒಡೆಯಿತು. ವಿಮಾನ 41 ಡಿಗ್ರಿಯಷ್ಟು ಎಡಕ್ಕೆ ವಾಲಿತು. ಎಂಜಿನ್ನಿನ ಹೊರಕವಚದ ಒಂದು ತುಂಡು ಹಾರಿ ಬಂದು 14ನೇ ಸಾಲಿನ ಕಿಟಕಿಗೆ ಬಡಿಯಿತು, ಕಿಟಕಿ ಕಳಚಿಹೋಯಿತು. ಒಳಗಿನ ಗಾಳಿಯ ಒತ್ತಡ ಒಮ್ಮೆಲೇ ಹೊರನುಗ್ಗಿದಾಗ ಅಲ್ಲಿ ಕೂತಿದ್ದ ಮಹಿಳೆ, ಸೀಟ್ ಬೆಲ್ಟ್ ಹಾಕಿದ್ದರೂ, ಅರ್ಧ ದೇಹದಷ್ಟು ಹೊರಗೆ ಸೆಳೆಯಲ್ಪಟ್ಟರು. ಗಗನಸಖಿಯರು ಮತ್ತು ಸಹಪ್ರಯಾಣಿಕರು ಸೇರಿ ಅವರನ್ನು ಒಳಗೆ ಎಳೆದುಕೊಂಡರು. ಪ್ರಯಾಣಿಕರಲ್ಲಿದ್ದ ನಿವೃತ್ತ ನರ್ಸ್ ಒಬ್ಬರು ಎದೆ ಒತ್ತಿ ಉಸಿರು ತರಿಸಲು ಪ್ರಯತ್ನಿಸಿದರು. ಆದರೂ ಜೀವ ಉಳಿಯಲಿಲ್ಲ. ಇನ್ನು ಎಂಟು ಜನರಿಗೆ ಸಣ್ಣಪುಟ್ಟ ಗಾಯಗಳಾದವು. 2009ರ ನಂತರ ಅಮೆರಿಕದ ವಿಮಾನಯಾನ ಕಂಪನಿಯೊಂದರ ಅಪಘಾತದಲ್ಲಿ ಪ್ರಯಾಣಿಕರೊಬ್ಬರು ಸತ್ತದ್ದು ಅದೇ ಮೊದಲು.

ಎಂಜಿನ್ ಒಡೆದ ಕ್ಷಣದಲ್ಲಿ ವಿಮಾನ ಹಾರಿಸುತ್ತಿದ್ದವರು ಸಹಪೈಲಟ್ ಡ್ಯಾರೆನ್ ಎಲಿಸರ್. ವಿಮಾನ ಹತೋಟಿಗೆ ಬಂದ ಮೇಲೆ ಶಲ್ಟ್ಸ್ ತಮ್ಮ ಕೈಗೆ ತೆಗೆದುಕೊಂಡು ಫಿಲಡೆಲ್ಫಿಯಾದಲ್ಲಿ ಇಳಿಸಿದರು. ಎಂಜಿನ್ ಒಡೆದಾಗಿನಿಂದ ಚಕ್ರ ನೆಲ ಮುಟ್ಟುವವರೆಗೆ ಸುಮಾರು 17 ನಿಮಿಷ. ಒಂದೇ ಎಂಜಿನ್ನಿನಲ್ಲಿ ಇಳಿಯುವಾಗ ಸಾಮಾನ್ಯವಾಗಿ ಫ್ಲ್ಯಾಪ್‌ಗಳನ್ನು 15ಕ್ಕೆ ಇಳಿಸುತ್ತಾರೆ. ಜಖಂಗೊಂಡ ವಿಮಾನ ಕೈಮೀರಬಹುದೆಂದು ಆಕೆ 5ಕ್ಕೇ ನಿಲ್ಲಿಸಿ ಹೆಚ್ಚಿನ ವೇಗದಲ್ಲಿ ಇಳಿಸಿದರು. ಪುಸ್ತಕದಲ್ಲಿರುವುದನ್ನು ಬಿಟ್ಟು ಕಣ್ಣೆದುರಿನ ವಿಮಾನವನ್ನು ನೋಡಿ ತೆಗೆದುಕೊಂಡ ನಿರ್ಧಾರ ಅದು. ನನಗಂತೂ ಆಕೆಯ ಶಾಂತ ಧ್ವನಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಹುಡುಗಿಯಾಗಿದ್ದಾಗ ಶಾಲೆಯಲ್ಲಿ ವಿಮಾನಯಾನದ ವೃತ್ತಿಯ ಬಗ್ಗೆ ನಡೆದ ಉಪನ್ಯಾಸಕ್ಕೆ ಹೋದ ಶಲ್ಟ್ಸ್‌ಗೆ, ವೃತ್ತಿಪರ ಪೈಲಟ್‌ಗಳಲ್ಲಿ ಹೆಣ್ಣುಮಕ್ಕಳಿಲ್ಲ ಎಂಬ ಮಾತು ಕೇಳಬೇಕಾಯಿತು. ವಾಯುಪಡೆ ಬೇಡವೆಂದಿತು, ನೌಕಾಪಡೆ ತೆಗೆದುಕೊಂಡಿತು. ಎಫ್/ಎ-18 ಯುದ್ಧವಿಮಾನ ಹಾರಿಸಿದ ಮೊದಲ ಕೆಲವು ಮಹಿಳೆಯರಲ್ಲಿ ಆಕೆಯೂ ಒಬ್ಬರು. ಆಗ ಮಹಿಳೆಯರಿಗೆ ಯುದ್ಧಕ್ಕೆ ಹೋಗುವ ಅನುಮತಿ ಇರಲಿಲ್ಲ, ಹಾಗಾಗಿ ತರಬೇತಿಯ ಹಾರಾಟಗಳೇ ಪಾಲಿಗೆ ಬಂದವು. ಅಂದಹಾಗೆ, ಏಪ್ರಿಲ್ 17ರ ಆ ಡ್ಯೂಟಿ ಮೂಲತಃ ಆಕೆಯ ಗಂಡನದು. ಅವರೂ ಅದೇ ಕಂಪನಿಯ ಪೈಲಟ್. ಇಬ್ಬರೂ ಅದಲುಬದಲು ಮಾಡಿಕೊಂಡಿದ್ದರು.

ಸರಿ, ಎಂಜಿನ್ ಒಡೆದದ್ದೇಕೆ? ಸಿಎಫ್‌ಎಂ56-7ಬಿ ಎಂಬ ಆ ಎಂಜಿನ್ನಿನ ಮುಂಭಾಗದ ದೊಡ್ಡ ಫ್ಯಾನ್‌ನಲ್ಲಿ 24 ಟೈಟಾನಿಯಂ ಬ್ಲೇಡ್‌ಗಳಿರುತ್ತವೆ. ಅವುಗಳಲ್ಲಿ 13ನೆಯದು ಬುಡದಲ್ಲಿ, ಗಾಲಿಗೆ ಸಿಕ್ಕಿಸುವ ಜಾಗದಲ್ಲೇ ಮುರಿದಿತ್ತು. ಪ್ರತಿ ಹಾರಾಟದಲ್ಲೂ ಎಳೆತಕ್ಕೆ ಸಿಕ್ಕಿ ಬಿಡುಗಡೆಯಾಗಿ, 32 ಸಾವಿರಕ್ಕೂ ಹೆಚ್ಚು ಹಾರಾಟಗಳ ನಂತರ ಲೋಹ ದಣಿದಿತ್ತು. ಬಿರುಕು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದಿತ್ತು.

ಇಂಥ ಬಿರುಕು ಹುಡುಕಲು ಹಳೆಯದೊಂದು ಪರೀಕ್ಷೆಯಿದೆ. ಹೊಳೆಯುವ ದ್ರವವನ್ನು ಲೋಹಕ್ಕೆ ಬಳಿದು, ಒರೆಸಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪದಡಿ ನೋಡುವುದು. ಹಳೆಯ ಪಿಂಗಾಣಿ ಕಪ್ಪಿನ ಕೂದಲೆಳೆಯಂಥ ಬಿರುಕು ಚಹಾದ ಬಣ್ಣ ಕುಡಿದಾಗ ಕಾಣುತ್ತದಲ್ಲ, ಅದೇ ತಂತ್ರ. ನೋಡುವ ಕೆಲಸ ಮಾತ್ರ ಮನುಷ್ಯರ ಕಣ್ಣಿನದು.

ಆ ಕಣ್ಣು ಹಿಂದೆಯೂ ತಪ್ಪಿದೆ. 1989ರ ಜುಲೈ 19ರಂದು ಯುನೈಟೆಡ್‌ನ 232ನೇ ವಿಮಾನ ಡೆನ್ವರ್‌ನಿಂದ ಶಿಕಾಗೋಗೆ ಹೋಗುವಾಗ ಬಾಲದ ಎಂಜಿನ್ನಿನ ಫ್ಯಾನ್ ಡಿಸ್ಕ್ ಸಿಡಿಯಿತು. ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ನಿಷ್ಕ್ರಿಯಗೊಳಿಸಿದವು. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಜೊತೆಗಾರರು ಉಳಿದ ಎರಡು ಎಂಜಿನ್‌ಗಳ ಶಕ್ತಿಯನ್ನಷ್ಟೇ ಹೆಚ್ಚುಕಡಿಮೆ ಮಾಡುತ್ತ ಸೂ ಸಿಟಿ ತಲುಪಿಸಿದರು. 296 ಮಂದಿಯಲ್ಲಿ 184 ಮಂದಿ ಬದುಕಿದರು. ಆ ಡಿಸ್ಕಿನ ಬಿರುಕು ಹಿಂದಿನ ಪರೀಕ್ಷೆಯಲ್ಲಿ ಕಾಣಬೇಕಿತ್ತು, ಕಾಣಲಿಲ್ಲ. ಮುರಿದ ಡಿಸ್ಕಿನ ದೊಡ್ಡ ಭಾಗ ಕೊನೆಗೆ ಸಿಕ್ಕಿದ್ದು ಅಯೋವಾದ ಹೊಲದಲ್ಲಿ, ಮೆಕ್ಕೆಜೋಳ ಕೊಯ್ಯುತ್ತಿದ್ದ ರೈತ ಮಹಿಳೆಗೆ. 1996ರ ಜುಲೈ 6ರಂದು ಫ್ಲಾರಿಡಾದ ಪೆನ್ಸಕೋಲಾದಲ್ಲಿ ಡೆಲ್ಟಾ ವಿಮಾನವೊಂದು ರನ್‌ವೇಯಲ್ಲಿ ಓಡುತ್ತಿದ್ದಾಗಲೇ ಎಂಜಿನ್ ಸಿಡಿದು ತಾಯಿ ಮತ್ತು ಮಗ ಸತ್ತರು. ಅಲ್ಲೂ ಬಿರುಕು ಅದೇ ಬಗೆಯ ಪರೀಕ್ಷೆಯ ಕಣ್ತಪ್ಪಿಸಿತ್ತು.

1380ರ ಬ್ಲೇಡ್‌ಗಳ ಪರೀಕ್ಷೆ ನಡೆದದ್ದು 2012ರಲ್ಲಿ. ಆಗಿನ ಬಿರುಕು ಆ ವಿಧಾನಕ್ಕೆ ಬಹುಶಃ ಸಿಗುವಂಥದ್ದಾಗಿರಲಿಲ್ಲ ಎಂದು ತನಿಖೆ ಹೇಳಿತು. ಸರಿ, ನೋಡಿದವರ ತಪ್ಪಿಲ್ಲ. ಆದರೆ ಎಚ್ಚರಿಕೆ ಬಂದಿತ್ತು. 2016ರ ಆಗಸ್ಟ್ 27ರಂದು ಇದೇ ಕಂಪನಿಯ ಇನ್ನೊಂದು 737ರಲ್ಲಿ ಇದೇ ಮಾದರಿಯ ಎಂಜಿನ್ನಿನ ಬ್ಲೇಡ್ ಹೀಗೆಯೇ ಮುರಿದು, ವಿಮಾನ ಪೆನ್ಸಕೋಲಾದಲ್ಲೇ ಇಳಿದಿತ್ತು. ಯಾರೂ ಸಾಯಲಿಲ್ಲ. ಮರುವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ, ಅಲ್ಟ್ರಾಸೌಂಡ್ ಪರೀಕ್ಷೆ ಕಡ್ಡಾಯ ಮಾಡುವ ಕರಡು ಹೊರಡಿಸಿತು. ಆಕ್ಷೇಪಣೆ, ಅಭಿಪ್ರಾಯ ಎಂದು ಕರಡು ಕರಡಾಗಿಯೇ ಉಳಿದಿದ್ದಾಗ 2018ರ ಏಪ್ರಿಲ್ ಬಂತು. ಸಾವಾದ ಮೂರನೇ ದಿನಕ್ಕೆ ತುರ್ತು ಆದೇಶ ಹೊರಟಿತು: 30 ಸಾವಿರಕ್ಕಿಂತ ಹೆಚ್ಚು ಹಾರಾಟ ಕಂಡ ಎಂಜಿನ್‌ಗಳನ್ನು 20 ದಿನಗಳೊಳಗೆ ಪರೀಕ್ಷಿಸಬೇಕು. ಅಂಥವು ಜಗತ್ತಿನಲ್ಲಿ 681 ಇದ್ದವು. ಎಂಟು ತಿಂಗಳಲ್ಲಿ ಆಗದ್ದು ಮೂರು ದಿನದಲ್ಲಿ ಆಯಿತು.

ಇದು ದೂರದ ಸುದ್ದಿಯೂ ಅಲ್ಲ. ಮಂಗಳೂರಿನಿಂದ ಗಲ್ಫ್‌ಗೆ ನಮ್ಮವರನ್ನು ವರ್ಷಗಳಿಂದ ಹೊತ್ತೊಯ್ದಿರುವ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800 ವಿಮಾನಗಳಿಗೂ ಇದೇ ಎಂಜಿನ್ ವಂಶ.

2019ರ ನವೆಂಬರ್‌ನ ಅಂತಿಮ ವರದಿಯಲ್ಲಿ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ವಿಮಾನ ಇಳಿಯುವಾಗ ಗಗನಸಖಿಯರು ತಮ್ಮ ಸೀಟುಗಳಲ್ಲಿ ಬೆಲ್ಟ್ ಹಾಕಿ ಕೂತಿರಬೇಕಿತ್ತು ಎಂಬ ಟಿಪ್ಪಣಿ ಅದು. ನಿಯಮದ ದೃಷ್ಟಿಯಿಂದ ಸರಿಯೇ. ತುರ್ತಾಗಿ ಜನರನ್ನು ಇಳಿಸಬೇಕಾಗಿ ಬಂದಿದ್ದರೆ ಅವರೇ ಬೇಕಾಗುತ್ತಿತ್ತು. ಆದರೆ ಸಾಯುತ್ತಿರುವವರನ್ನು ಬಿಟ್ಟು ಎದ್ದು ಹೋಗಿ ಕೂರು ಎಂದು ಯಾರಿಗೆ ಹೇಳಲಾದೀತು?

ಮುರಿದ ಬ್ಲೇಡಿನಿಂದ ಕಿಟಕಿ ಒಡೆದದ್ದಲ್ಲ, ಹೊರಕವಚದ ತುಂಡಿನಿಂದ. ಬ್ಲೇಡ್ ಬಡಿದ ಜಾಗ ಕವಚದ ಕೊಂಡಿಗಳ ಹತ್ತಿರವಿತ್ತು. ಕವಚವನ್ನು ಹೊಸದಾಗಿ ವಿನ್ಯಾಸ ಮಾಡಬೇಕೆಂದು ತನಿಖಾ ಮಂಡಳಿ ಬೋಯಿಂಗ್‌ಗೆ ಶಿಫಾರಸು ಮಾಡಿತು. 2023ರ ಡಿಸೆಂಬರ್‌ನಲ್ಲಿ ಎಫ್‌ಎಎ ಮುಂದಿಟ್ಟ ಪ್ರಸ್ತಾವದಲ್ಲಿ ಆ ಬದಲಾವಣೆಗೆ ಕೊಟ್ಟ ಗಡುವು 2028ರ ಜುಲೈ 31.