ಕಾಕಾನ ಗಾಯ ಮತ್ತು ತಟ್ಟೆಯ ಮೇಲಿನ ‘ಡಿ’

ಇವತ್ತಿನ ಇತಿಹಾಸದಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಸ್ವಿಚ್ ಇದೆ.

ನಮ್ಮೂರು ಜಮಖಂಡಿ ತಾಲೂಕಿನ ತುಬಚಿ. ಸುತ್ತ ಬರೀ ಕಬ್ಬು. ಹೋದ ವರ್ಷ ಕಬ್ಬು ಕಡಿಯುವಾಗ ನಮ್ಮ ಕಾಕಾನ ಕಾಲಿಗೆ ಕೊಯ್ತಾ ತಗುಲಿತು. ಕೀವಾಯ್ತು. ಮನೆಯಲ್ಲಿ ಯಾವಾಗಲೋ ಉಳಿದಿದ್ದ ಎರಡು ಅಜಿತ್ರೋಮೈಸಿನ್ ಗುಳಿಗಿ ನುಂಗಿದ, ಏನೂ ಇಳೀಲಿಲ್ಲ. ಕೊನೆಗೆ ಜಮಖಂಡಿಯ ಡಾಕ್ಟರು ಕೀವು ತೆಗೆದು ಕಲ್ಚರ್‌ಗೆ ಕಳಿಸಿದರು. ರಿಪೋರ್ಟ್‌ನಲ್ಲಿ ಸ್ಟ್ಯಾಫಿಲೋಕಾಕಸ್ ಔರಿಯಸ್. ಕ್ಲಿಂಡಮೈಸಿನ್ ಮುಂದೆ ಹೀಗಿತ್ತು: ‘ಇಂಡ್ಯೂಸಿಬಲ್ ರೆಸಿಸ್ಟೆನ್ಸ್, ಡಿ-ಟೆಸ್ಟ್ ಪಾಸಿಟಿವ್.’

“ಹಂಗಂದ್ರ ಏನೋ?” ಅಂದ ಕಾಕಾ.

ಇಂಡ್ಯೂಸಿಬಲ್ ಅಂದರೆ, ಕೆಣಕಿದರೆ ಮಾತ್ರ ಏಳುವಂಥದ್ದು. ಈ ಶಬ್ದದ ಹಿಂದೆ ದೊಡ್ಡ ಕಥೆ ಇದೆ.

1940ರ ಡಿಸೆಂಬರ್. ಆಕ್ಸ್‌ಫರ್ಡ್‌ನಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ವರದಿ ಬರೆದರು: ಪೆನಿಸಿಲಿನ್ ಅನ್ನೇ ಒಡೆದು ಹಾಕುವ ಕಿಣ್ವ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದೆ. ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಅಲ್ಲಿ ಪೆನಿಸಿಲಿನ್ ಚುಚ್ಚಲು ಶುರು ಮಾಡಿದ್ದು 1941ರ ಫೆಬ್ರವರಿಯಲ್ಲಿ. ಅಂದ್ರೆ, ಔಷಧಿ ವಾರ್ಡಿಗೆ ಬರೋದಕ್ಕೂ ಮೊದಲೇ ಅದನ್ನು ಮುರಿಯೋ ಕಿಣ್ವ ಪೇಪರಿನಲ್ಲಿ ಬಂದಿತ್ತು!

ಆಮೇಲೆ ಬ್ರಿಟನ್ನಿನ ಮಾರ್ಟಿನ್ ಪೊಲಾಕ್ ಬಂದರು. 1950ರ ಸುಮಾರಿಗೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಗೆ ಸ್ವಲ್ಪೇ ಸ್ವಲ್ಪ ಪೆನಿಸಿಲಿನ್ ತಾಗಿಸಿ, ತೊಳೆದುಬಿಟ್ಟರು. ಔಷಧಿ ಹೋಯ್ತು, ಆದರೆ ಕಿಣ್ವ ತಯಾರಾಗ್ತಾನೇ ಇತ್ತು. ಕಿಣ್ವದ ಜೀನ್ ಮೊದಲೇ ಇತ್ತು, ಔಷಧಿ ಬಂದು ಅದನ್ನು ಆನ್ ಮಾಡಿತ್ತು.

ಕಾಕಾಗೆ ಇದನ್ನ ಹೆಂಗೆ ಹೇಳೋದು? ನಮ್ಮ ಹೊಲದ ಪಂಪ್‌ಸೆಟ್ ನೆನಪಾಯ್ತು. ಆಟೋ ಸ್ಟಾರ್ಟರ್ ಹಾಕಿದ್ದೀವಿ. ತ್ರೀ ಫೇಸ್ ಕರೆಂಟ್ ಬಂದರೆ ಸಾಕು, ನಡುರಾತ್ರಿ ಯಾರೂ ಇಲ್ಲದಿದ್ದರೂ ಮೋಟಾರು ತಾನೇ ಶುರು. ಬ್ಯಾಕ್ಟೀರಿಯಾದ್ದೂ ಇದೇ ಲೆಕ್ಕ. ಸುಮ್ಮನೆ ದಿನವಿಡೀ ಕಿಣ್ವ ಮಾಡ್ತಾ ಕೂತರೆ ಶಕ್ತಿ ದಂಡ.

ಕಾಕಾನ ಗಾಯದಲ್ಲಿದ್ದ ಕಿಣ್ವ ಬೇರೆ ಜಾತಿಯದು. ಅದು ಔಷಧಿಯನ್ನು ಒಡೆಯೋದಿಲ್ಲ. ಬ್ಯಾಕ್ಟೀರಿಯಾದ ರೈಬೋಸೋಮ್, ಅಂದರೆ ಪ್ರೋಟೀನ್ ತಯಾರಿಸುವ ಯಂತ್ರ ಇದೆಯಲ್ಲ, ಅದಕ್ಕೆ ಪುಟ್ಟ ರಾಸಾಯನಿಕ ಗುರುತು ಅಂಟಿಸುತ್ತೆ. ಆಮೇಲೆ ಔಷಧಿಗೆ ಅಲ್ಲಿ ಹಿಡಿತ ಸಿಗಲ್ಲ. ಇದರ ಸ್ವಿಚ್ ಬಿಡಿಸಿ ತೋರಿಸಿದ್ದು 1980ರ ಸುಮಾರಿಗೆ, ಅಮೆರಿಕದಲ್ಲಿ ಬರ್ನಾರ್ಡ್ ವೈಸ್‌ಬ್ಲಮ್ ಮತ್ತು ಡೇವಿಡ್ ಡಬ್ನೌ ಅವರ ಗುಂಪುಗಳು. ನನಗಂತೂ ಇದು ಇಡೀ ಕಥೆಯ ಅತಿ ಚಂದದ ಭಾಗ. ಕಿಣ್ವ ಮಾಡುವ ಆದೇಶ, ಅಂದರೆ ಆರ್‌ಎನ್‌ಎ, ಮಡಚಿದ ಚೀಟಿಯ ಹಾಗೆ ಇರುತ್ತೆ. ‘ಇಲ್ಲಿಂದ ಶುರು ಮಾಡು’ ಅನ್ನೋ ಸಾಲು ಮಡಿಕೆಯೊಳಗೆ ಮುಚ್ಚಿರುತ್ತೆ. ಎರಿಥ್ರೋಮೈಸಿನ್ ಬಂದಾಗ ಚೀಟಿ ಓದುತ್ತಿದ್ದ ರೈಬೋಸೋಮ್ ಮೊದಲ ಕೆಲವು ಅಕ್ಷರಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಅದು ಅಲ್ಲಿ ನಿಂತಿದ್ದರಿಂದ ಮಡಿಕೆ ಬಿಚ್ಚಿಕೊಳ್ಳುತ್ತೆ, ಮುಚ್ಚಿದ ಸಾಲು ಕಾಣುತ್ತೆ. ನೋಡ್ರಿ, ತಡೆಯೋಕೆ ಬಂದ ಔಷಧಿಯೇ ಚೀಟಿ ಬಿಚ್ಚಿಕೊಡುತ್ತೆ.

ಅಜಿತ್ರೋಮೈಸಿನ್ ಎರಿಥ್ರೋಮೈಸಿನ್ ಮನೆತನದ್ದೇ. ಅದೂ ಈ ಸ್ವಿಚ್ ಒತ್ತುತ್ತೆ. ಕ್ಲಿಂಡಮೈಸಿನ್‌ಗೆ ಮಾತ್ರ ಒತ್ತೋಕೆ ಅಷ್ಟಾಗಿ ಬರಲ್ಲ. ಹಾಗಾಗಿ ಅದೊಂದನ್ನೇ ಇಟ್ಟು ಪರೀಕ್ಷಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ರಿಪೋರ್ಟ್‌ನಲ್ಲಿ ‘ನಡೆಯುತ್ತೆ’ ಅಂತ ಬರುತ್ತೆ. ಆದರೆ ಚಿಕಿತ್ಸೆಯ ನಡುವೆ, ಸ್ವಿಚ್ ಕೆಟ್ಟು ಸದಾ ಆನ್ ಆಗಿರೋ ಕೆಲವು ಬ್ಯಾಕ್ಟೀರಿಯಾ ಬದುಕುಳಿದು ಬೆಳೀಬಹುದು. ಆಗ ಔಷಧಿ ಕೈಕೊಡುತ್ತೆ.

ಅದಕ್ಕೇ ಲ್ಯಾಬಿನವರು ತಟ್ಟೆಯಲ್ಲಿ ಎರಡೂ ಔಷಧಿಯ ಬಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು, ಒಂದು ರಾತ್ರಿ ಬಿಟ್ಟು ನೋಡ್ತಾರೆ. ಕ್ಲಿಂಡಮೈಸಿನ್ ಸುತ್ತ ದುಂಡಗೆ ಖಾಲಿ ಇರಬೇಕಾದ ಜಾಗ, ಎರಿಥ್ರೋಮೈಸಿನ್ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷ್ ‘ಡಿ’ ಅಕ್ಷರದ ಹಾಗೆ ಕಾಣುತ್ತೆ. ಕಾಕಾನ ತಟ್ಟೆಯಲ್ಲೂ ಅದೇ ಕಂಡಿತ್ತು. ಡಾಕ್ಟರು ಬೇರೆ ಔಷಧಿ ಬರೆದರು, ಗಾಯ ಮಾಯಿತು. ಅವನ ಆ ಎರಡು ಗುಳಿಗಿಯಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಆ ಜೀನ್ ಮೊದಲೇ ಅಲ್ಲಿತ್ತು.

ಎಲ್ಲ ಕೇಳಿಸಿಕೊಂಡ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, “ಆಟೋ ಸ್ಟಾರ್ಟರ್ ಸರಿ. ಅದರ ಫ್ಯೂಸ್ ಎಲ್ಲೈತಿ?”