ಬೇರೆ ರೋಗಕ್ಕೆಂದು ಬಂದ ಮದ್ದುಗಳು: ಸೋರಿಯಾಸಿಸ್ ಚಿಕಿತ್ಸೆಯ ಚರಿತ್ರೆ

ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರದಿಂದ ಹೆಸರಾದ ಊರು. ಅಂತಹ ಊರಿನ ಪ್ರೌಢಶಾಲೆಯೊಂದರಲ್ಲಿ ನೀವು ವಿಜ್ಞಾನದ ಅಧ್ಯಾಪಕರೆಂದು ಇಟ್ಟುಕೊಳ್ಳಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ತಿಂಗಳಿನಿಂದ ಬೇಸಿಗೆಯ ಬಿಸಿಲಿನಲ್ಲೂ ಸ್ವೆಟರ್ ತೊಟ್ಟು ಬರುತ್ತಿದ್ದಾಳೆ. ಅವಳ ಮೊಣಕೈಗಳ ಮೇಲೆ ಕೆಂಪಗೆ ದಪ್ಪನಾದ ತೇಪೆಗಳಿವೆ, ಅವುಗಳ ಮೇಲೆ ಬೆಳ್ಳಿಯಂತೆ ಹೊಳೆಯುವ ಹೊಟ್ಟು. ತಲೆಯಿಂದಲೂ ಹೊಟ್ಟು ಉದುರುತ್ತದೆ. ಬಿಸಿಯೂಟದ ಸಾಲಿನಲ್ಲಿ ಪಕ್ಕದವರು ತಟ್ಟೆ ಸರಿಸಿಕೊಳ್ಳುತ್ತಾರೆ. ಕುಷ್ಠವಂತೆ ಎಂದು ಯಾರೋ ಪಿಸುಗುಟ್ಟಿದ್ದಾರೆ. "ಮುಟ್ಟಬೇಡ" ಎಂಬ ಮಾತು ಮನುಷ್ಯರನ್ನು ಎಷ್ಟು ನೋಯಿಸಬಲ್ಲದೆಂಬುದನ್ನು ನಮ್ಮ ಹಳ್ಳಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಆ ಹುಡುಗಿಗೆ ಬಂದಿರುವುದು ಬಹುಶಃ ಸೋರಿಯಾಸಿಸ್. ಅದು ಅಂಟುರೋಗವಲ್ಲ. ತಟ್ಟೆ, ಬಾಚಣಿಗೆ, ಬಟ್ಟೆ, ಕೆರೆಯ ನೀರು, ಯಾವುದರಿಂದಲೂ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಭಾರತದ ವಿವಿಧ ಅಧ್ಯಯನಗಳಲ್ಲಿ ವಯಸ್ಕರ ಪೈಕಿ ಶೇ. 0.44ರಿಂದ 2.8ರವರೆಗಿನ ಮಂದಿಯಲ್ಲಿ ಇದು ಕಂಡುಬಂದಿದೆ. ಸುಮಾರು ಮೂರನೆಯ ಒಂದು ಭಾಗದ ರೋಗಿಗಳಲ್ಲಿ ಇದು ತಲೆಯೆತ್ತುವುದು ಬಾಲ್ಯ ಅಥವಾ ಹದಿಹರೆಯದಲ್ಲಿ. ನಮ್ಮ ಚರ್ಮದ ಹೊರಪದರದ ಕೋಶವೊಂದು ಅಡಿಯಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ಸೋರಿಯಾಸಿಸ್ ತೇಪೆಯಲ್ಲಿ ಇದೇ ಪಯಣ ನಾಲ್ಕೈದು ದಿನಗಳಲ್ಲಿ ಮುಗಿದುಹೋಗುತ್ತದೆ. ಪಕ್ವವಾಗದ ಕೋಶಗಳು ಒಂದರ ಮೇಲೊಂದು ಒಟ್ಟಿಕೊಳ್ಳುತ್ತವೆ. ನಿಮಗೆ ಕಾಣುವ ಬೆಳ್ಳಿಯ ಹೊಟ್ಟು ಅದೇ.

ಇಷ್ಟನ್ನು ತಿಳಿಯಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ಇದರಲ್ಲಿ ಒಂದು ವಿಚಿತ್ರವಿದೆ: ಸೋರಿಯಾಸಿಸ್‌ನ ಮುಖ್ಯ ಮದ್ದುಗಳಲ್ಲಿ ಹಲವನ್ನು ಯಾರೂ ಸೋರಿಯಾಸಿಸ್‌ಗಾಗಿ ಹುಡುಕಿರಲಿಲ್ಲ.

ಹೆಸರಿನ ಗೊಂದಲ

ಮೊದಲು ಹೆಸರಿನ ವಿಷಯ. ಗ್ರೀಕ್ ಭಾಷೆಯ 'ಸೋರಾ' ಎಂದರೆ ತುರಿಕೆ, ಕಜ್ಜಿ. 'ಲೆಪ್ರಾ' ಎಂದರೆ ಹೊಟ್ಟೇಳುವ ಚರ್ಮ. ಹಿಂದಿನವರು ಹೊಟ್ಟೇಳುವ ಎಲ್ಲ ರೋಗಗಳನ್ನೂ ಈ ಎರಡು ಚೀಲಗಳಲ್ಲಿ ತುಂಬುತ್ತಿದ್ದರು. ಇಂಗ್ಲೆಂಡಿನ ರಾಬರ್ಟ್ ವಿಲ್ಲನ್ 1808ರ ಹೊತ್ತಿಗೆ ಸೋರಿಯಾಸಿಸ್‌ನ ಲಕ್ಷಣಗಳನ್ನು ನಿಖರವಾಗಿ ಬರೆದಿಟ್ಟರೂ ಅದರ ಒಂದು ರೂಪಕ್ಕೆ 'ಲೆಪ್ರಾ' ಎಂಬ ಹೆಸರನ್ನೇ ಉಳಿಸಿದ. ವಿಯೆನ್ನಾದ ಫರ್ಡಿನೆಂಡ್ ಫಾನ್ ಹೆಬ್ರಾ 1841ರಲ್ಲಿ ಆ ಹೆಸರನ್ನು ಕಿತ್ತುಹಾಕಿ ಎರಡನ್ನೂ ಬೇರ್ಪಡಿಸಿದ. ಕುಷ್ಠಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ನಾರ್ವೆಯ ಹ್ಯಾನ್ಸನ್ ಕಂಡದ್ದು ಆಮೇಲೆ, 1873ರಲ್ಲಿ.

ನಮ್ಮಲ್ಲಿಯೂ ಹಾಗೆಯೇ. ಆಯುರ್ವೇದದಲ್ಲಿ 'ಕುಷ್ಠ' ಎಂಬುದು ಒಂದು ರೋಗದ ಹೆಸರಲ್ಲ, ಒಂದು ಕುಟುಂಬದ ಹೆಸರು. ಚರಕಸಂಹಿತೆ ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಒಟ್ಟು ಹದಿನೆಂಟನ್ನು ಎಣಿಸುತ್ತದೆ. ಅವುಗಳಲ್ಲಿ ಬೆವರದ, ವಿಶಾಲವಾಗಿ ಹರಡುವ, ಮೀನಿನ ಹುರುಪೆಯಂತೆ ಕಾಣುವ 'ಏಕಕುಷ್ಠ'ವನ್ನು ಇಂದಿನ ಆಯುರ್ವೇದ ವೈದ್ಯರು ಸೋರಿಯಾಸಿಸ್‌ಗೆ ಹೋಲಿಸುತ್ತಾರೆ. ಆಡುಮಾತಿನಲ್ಲಿ ಮಾತ್ರ 'ಕುಷ್ಠ'ದ ಅರ್ಥ ಕಿರಿದಾಗಿ ಹ್ಯಾನ್ಸನ್ ರೋಗವೊಂದಕ್ಕೇ ನಿಂತಿತು, ಹಳೆಯ ಭಯ ಮಾತ್ರ ಇಡೀ ಕುಟುಂಬಕ್ಕೆ ಅಂಟಿಕೊಂಡೇ ಉಳಿಯಿತು. ಕುಷ್ಠರೋಗದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ. ಸೋರಿಯಾಸಿಸ್‌ನ ತೇಪೆಯಲ್ಲಿ ಸ್ಪರ್ಶಜ್ಞಾನ ಚೆನ್ನಾಗಿಯೇ ಇರುತ್ತದೆ, ಬೇಕಾದರೆ ತುರಿಕೆಯೂ. (ಕುಷ್ಠರೋಗವೂ ಇಂದು ಮದ್ದಿನಿಂದ ಪೂರ್ತಿ ವಾಸಿಯಾಗುತ್ತದೆ. ಅದರ ರೋಗಿಯನ್ನು ದೂರವಿಡಲೂ ಕಾರಣವಿಲ್ಲ.)

ನಂಜನಗೂಡಿನ ನಂಜುಂಡೇಶ್ವರ ರೋಗಹರನೆಂದು ಪ್ರಸಿದ್ಧ. ಪಟ್ಟದ ಆನೆಯ ಕಣ್ಣು ವಾಸಿಯಾದುದಕ್ಕೆ ಟಿಪ್ಪು ಸುಲ್ತಾನ್ ಈ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂಬ ಪ್ರತೀತಿಯಿದೆ. ಚರ್ಮವ್ಯಾಧಿ ಇದ್ದವರು ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡುವುದು ಹಳೆಯ ರೂಢಿ. ಇದೇ ಊರಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ತೆರೆದರು. ಇಲ್ಲಿನ ಹಲ್ಲುಪುಡಿಯನ್ನು ಬಲ್ಲದವರು ಹಳೆ ಮೈಸೂರು ಸೀಮೆಯಲ್ಲಿ ಕಡಿಮೆ. ಹೀಗೆ ದೇವರು, ಹೊಳೆ, ಔಷಧಿ ಮೂರೂ ಒಂದೆಡೆ ಸಿಗುವ ಊರಿನಲ್ಲಿ ವಿಜ್ಞಾನದ ವಿದ್ಯಾರ್ಥಿ ಒಂದು ಅಂಶವನ್ನು ಗಮನಿಸಬೇಕು. ಸೋರಿಯಾಸಿಸ್ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಕೆಲವೊಮ್ಮೆ ತಿಂಗಳುಗಟ್ಟಲೆ ಮಾಯವಾಗುತ್ತದೆ. ಇಳಿಯುವ ಮುನ್ನ ಕಡೆಯದಾಗಿ ಏನನ್ನು ಮಾಡಿದ್ದರೋ ಅದಕ್ಕೆ ಕೀರ್ತಿ ಸಲ್ಲುತ್ತದೆ: ಹರಕೆಗೆ, ಎಣ್ಣೆಗೆ, ಬದನೆಕಾಯಿ 'ನಂಜು' ಎಂದು ಬಿಟ್ಟ ಪಥ್ಯಕ್ಕೆ. ಇಂತಹ ರೋಗದಲ್ಲಿ ಮದ್ದು ಕೊಟ್ಟ ಗುಂಪನ್ನೂ ಕೊಡದ ಗುಂಪನ್ನೂ ಹೋಲಿಸದೆ ಯಾವುದನ್ನೂ ನಂಬುವಂತಿಲ್ಲ.

ಗೋವೆಯ ಪುಡಿ

ಹತ್ತೊಂಬತ್ತನೆಯ ಶತಮಾನದ ವೈದ್ಯರ ಮುಖ್ಯ ಅಸ್ತ್ರ ಶಂಖಪಾಷಾಣ, ಅಂದರೆ ಆರ್ಸೆನಿಕ್. ಥಾಮಸ್ ಫೌಲರ್ 1786ರಲ್ಲಿ ಪ್ರಕಟಿಸಿದ ಅದರ ದ್ರಾವಣವನ್ನು ಹನಿ ಹನಿಯಾಗಿ ವರ್ಷಗಟ್ಟಲೆ ಕುಡಿಸುತ್ತಿದ್ದರು. ತೇಪೆ ತಗ್ಗುತ್ತಿತ್ತು, ಆದರೆ ಕೆಲವರಲ್ಲಿ ಮುಂದೆ ಚರ್ಮದ ಕ್ಯಾನ್ಸರ್ ತಲೆದೋರುತ್ತಿತ್ತು.

ಆಗ ಬಂದದ್ದು ಒಂದು ಕಂದುಹಳದಿ ಪುಡಿ. ಭಾರತದ ಪಶ್ಚಿಮ ಕರಾವಳಿಯಲ್ಲಿ ಹುಳುಕಡ್ಡಿಗೆ ಹಚ್ಚುತ್ತಿದ್ದ ಇದಕ್ಕೆ 'ಗೋವಾ ಪುಡಿ' ಎಂದು ಹೆಸರು. ಹೆಸರು ಗೋವೆಯದು, ಮರ ಗೋವೆಯದಲ್ಲ. ಬ್ರೆಜಿಲ್‌ನ 'ಅರರೋಬ' ಮರದ ತಿರುಳಿನ ಬಿರುಕುಗಳಲ್ಲಿ ಸಿಗುವ ಈ ಪುಡಿಯನ್ನು ಪೋರ್ಚುಗೀಸರು ತಮ್ಮ ಒಂದು ವಸಾಹತಿನಿಂದ ಇನ್ನೊಂದಕ್ಕೆ ಸಾಗಿಸಿದ್ದರು. 1876ರ ಸುಮಾರಿಗೆ ಲಂಡನ್ನಿನ ಬಲ್ಮನೋ ಸ್ಕ್ವೈರ್‌ನ ರೋಗಿಯೊಬ್ಬ ತನ್ನ ಸೋರಿಯಾಸಿಸ್ ಹುಳುಕಡ್ಡಿಯೆಂದೇ ತಿಳಿದು ಈ ಪುಡಿ ಹಚ್ಚಿದ. ಗುಣ ಕಂಡಿತು! ತಪ್ಪು ರೋಗನಿರ್ಣಯದಿಂದ ಸರಿಯಾದ ಮದ್ದು ಸಿಕ್ಕ ಅಪರೂಪದ ಪ್ರಸಂಗವಿದು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಈ ಪುಡಿಯ ಸರಬರಾಜು ನಿಂತಾಗ ಅಲ್ಲಿನ ರಸಾಯನವಿಜ್ಞಾನಿಗಳು ಅದನ್ನೇ ಹೋಲುವ ಡಿತ್ರನಾಲ್ ಎಂಬ ಸಂಯುಕ್ತವನ್ನು ತಯಾರಿಸಿದರು. 1916ರಿಂದ ಬಳಕೆಗೆ ಬಂದ ಅದು ಇಂದಿಗೂ ಔಷಧಕೋಶದಲ್ಲಿದೆ. ಬಟ್ಟೆ ಕಲೆಯಾಗುತ್ತದೆ, ಚರ್ಮ ಉರಿಯುತ್ತದೆ ಎಂಬುದೊಂದೇ ತಕರಾರು.

ಬಾವಂಚಿಯಿಂದ ಬೆಳಕಿನವರೆಗೆ

ಇನ್ನು ನಮ್ಮ ನಾಡಿನ ಕಥೆ. ಗ್ರಂಥಿಗೆ ಅಂಗಡಿಯಲ್ಲಿ ಬಾವಂಚಿ ಬೀಜ ಕೇಳಿ ನೋಡಿ. ಕಪ್ಪಗೆ, ಹುರುಳಿಗಿಂತ ಚಿಕ್ಕದಾಗಿ, ಘಾಟುವಾಸನೆಯಿಂದ ಕೂಡಿರುತ್ತದೆ. ಇದನ್ನು ಅರೆದು ತೊನ್ನಿನ ಮೇಲೆ ಹಚ್ಚಿ ಬಿಸಿಲಿಗೆ ಕೂರುವುದು ಪ್ರಾಚೀನ ಚಿಕಿತ್ಸೆ. ಸಸ್ಯದ ಶಾಸ್ತ್ರೀಯ ನಾಮ ಸೋರಲಿಯಾ ಕೊರಿಲಿಫೋಲಿಯಾ. ಈ 'ಸೋರಲಿಯಾ'ಗೂ 'ಸೋರಿಯಾಸಿಸ್'ಗೂ ಮೂಲ ಒಂದೇ ಗ್ರೀಕ್ ಪದ. ಆದರೆ ಲಿನೇಯಸ್ ಆ ಹೆಸರಿಟ್ಟದ್ದು ರೋಗವನ್ನು ನೆನೆದಲ್ಲ, ಸಸ್ಯದ ಮೇಲಿನ ಕಜ್ಜಿಯಂತಹ ಗ್ರಂಥಿಗಳನ್ನು ನೋಡಿ. ಎರಡೂ ಒಂದೇ ಚಿಕಿತ್ಸೆಯಲ್ಲಿ ಕೂಡಿದ್ದು ಕಾಕತಾಳೀಯ.

1933ರಲ್ಲಿ ಎಚ್.ಎಸ್. ಜೋಯಿಸ್, ಬಿ.ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಈ ಬೀಜದ ರಾಸಾಯನಿಕ ಪರೀಕ್ಷೆಯನ್ನು ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲಸ ನಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಆಗ ಅದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಬೀಜದಿಂದ ಅವರು ಬೇರ್ಪಡಿಸಿದ ಹರಳುಗಳೇ ಸೋರಲೆನ್. ಮಂಜುನಾಥ್ ಮುಂದೆ ದೇಶದ ಸಸ್ಯ, ಖನಿಜ ಸಂಪತ್ತನ್ನು ಕುರಿತ 'ವೆಲ್ತ್ ಆಫ್ ಇಂಡಿಯಾ' ಕೋಶದ ಸಂಪಾದಕರಾದರು. ಜಗತ್ತಿನ ಚರ್ಮವೈದ್ಯರೆಲ್ಲ ಉಚ್ಚರಿಸುವ ಒಂದು ಪದ ಸೆಂಟ್ರಲ್ ಕಾಲೇಜಿನ ಪ್ರಯೋಗಶಾಲೆಗೆ ಸೇರಿದ್ದೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲದಿರುವುದು ಈ ಲೇಖಕನಿಗೆ ಸೋಜಿಗ.

ಸೋರಲೆನ್ ಹೇಗೆ ಕೆಲಸ ಮಾಡುತ್ತದೆ? ಅದರ ಅಣು ಮೂರು ಉಂಗುರಗಳ ಚಪ್ಪಟೆ ಹಲಗೆ. ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ಸಲೀಸಾಗಿ ನುಸುಳಿ ಕೂರುತ್ತದೆ. ಕತ್ತಲೆಯಲ್ಲಿ ಅದರಿಂದ ಹೆಚ್ಚೇನೂ ಆಗದು. 320ರಿಂದ 400 ನ್ಯಾನೋಮೀಟರ್ ತರಂಗದೂರದ ನೇರಳಾತೀತ ಕಿರಣ ಬಿದ್ದೊಡನೆ ಎರಡೂ ಎಳೆಗಳಿಗೆ ಅಡ್ಡಹೊಲಿಗೆ ಹಾಕಿಬಿಡುತ್ತದೆ. ಎಳೆಗಳು ಬಿಚ್ಚದಿದ್ದರೆ ಕೋಶ ವಿಭಜನೆಯಾಗದು. ನಾಲ್ಕು ದಿನಕ್ಕೊಮ್ಮೆ ಪದರ ಕಟ್ಟುವ ಚರ್ಮಕ್ಕೆ ಇದು ಕಡಿವಾಣ. ಈಜಿಪ್ಟಿನ ಎಲ್ ಮೊಫ್ಟಿ 1940ರ ದಶಕದಲ್ಲಿ ಸೋರಲೆನ್‌ನ ಬಂಧುವೊಂದನ್ನು, ಅದೂ ತೊನ್ನಿಗೇ, ಬಳಸಿದರು. 1974ರಲ್ಲಿ ಬಾಸ್ಟನ್ನಿನ ಪ್ಯಾರಿಶ್, ಫಿಟ್ಸ್‌ಪ್ಯಾಟ್ರಿಕ್, ಟ್ಯಾನೆನ್‌ಬಾಮ್ ಹಾಗೂ ಭಾರತೀಯ ಮೂಲದ ಮಧು ಪಾಠಕ್ ಅದನ್ನು ಗುಳಿಗೆಯಾಗಿ ಕೊಟ್ಟು, ದೀಪಗಳ ಪೆಟ್ಟಿಗೆಯಲ್ಲಿ ನಿಲ್ಲಿಸಿ ಸೋರಿಯಾಸಿಸ್ ತಗ್ಗಿಸಿದರು. ಇದೇ 'ಪೂವಾ' ಚಿಕಿತ್ಸೆ.

ಒಂದು ಎಚ್ಚರಿಕೆ. ಬಾವಂಚಿ ಅರೆದು ಹಚ್ಚಿ ಬಿಸಿಲಿಗೆ ನಿಲ್ಲುವ 'ಪ್ರಯೋಗ'ವನ್ನು ವಿದ್ಯಾರ್ಥಿಗಳು ಮಾಡಬಾರದು. ಪ್ರಮಾಣ ತಪ್ಪಿದರೆ ಸುಟ್ಟ ಬೊಬ್ಬೆಗಳೇಳುತ್ತವೆ. ಅಂಜೂರದ ಹಾಲು, ಕೆಲವು ಜಾತಿಯ ನಿಂಬೆರಸ ತಾಗಿದ ಕೈ ಬಿಸಿಲಲ್ಲಿ ಕಪ್ಪಾಗುವುದೂ ಇಂತಹ ಅಣುಗಳಿಂದಲೇ. ಪೂವಾ ಬಹುಕಾಲ ಮುಂದುವರಿದರೆ ಚರ್ಮದ ಕ್ಯಾನ್ಸರ್ ಸಂಭವ ಏರುತ್ತದೆ. ಆದ್ದರಿಂದ ಹದಿಹರೆಯದವರಿಗೆ ಈಗ ಹೆಚ್ಚಾಗಿ ಸೋರಲೆನ್ ಇಲ್ಲದೆ, 311 ನ್ಯಾನೋಮೀಟರ್ ಸುತ್ತಲಿನ ಕಿರಿದಾದ ಪಟ್ಟಿಯ ಕಿರಣವನ್ನಷ್ಟೇ ಕೊಡುತ್ತಾರೆ.

ಕೀಲುನೋವಿನವರ ಚರ್ಮ

1951ರಲ್ಲಿ ಅಮೆರಿಕದ ರಿಚರ್ಡ್ ಗಬ್ನರ್ ಸಂಧಿವಾತಕ್ಕೆ ಅಮಿನೋಪ್ಟೆರಿನ್ ಕೊಟ್ಟು ನೋಡುತ್ತಿದ್ದಾಗ ರೋಗಿಯ ಸೋರಿಯಾಸಿಸ್ ಮಾಯವಾಯಿತು. ರಕ್ತದ ಕ್ಯಾನ್ಸರಿಗೆ ಬಳಸುತ್ತಿದ್ದ ಈ ಮದ್ದು ಲೆಡರ್ಲೆ ಕಂಪನಿಯಲ್ಲಿ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ ಬಂದದ್ದು. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ತೀವ್ರ ಸೋರಿಯಾಸಿಸ್‌ಗೆ ಅಗ್ಗದ, ಪಳಗಿದ ಗುಳಿಗೆ. ಅದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನವೂ ನುಂಗಿದರೆ ಪ್ರಾಣಾಪಾಯ. ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಆಗಾಗ ಬೇಕು.

1979ರಲ್ಲಿ ಸೈಕ್ಲೋಸ್ಪೋರಿನ್ ಸರದಿ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಟಿ-ಕೋಶಗಳನ್ನು ಅಡಗಿಸುವ ಈ ಮದ್ದನ್ನು ಕೀಲುನೋವಿಗೆ ಕೊಟ್ಟಾಗ ಅಲ್ಲಿಯೂ ಚರ್ಮ ತಿಳಿಯಾಯಿತು. ಈಗ ಪ್ರಶ್ನೆ ತಿರುಗಿ ನಿಂತಿತು. ಟಿ-ಕೋಶಗಳ ಮದ್ದಿಗೆ ಚರ್ಮವೇಕೆ ಬಗ್ಗಬೇಕು? ಚರ್ಮದ ಕೋಶಗಳು ತಾವಾಗಿ ಹುಚ್ಚೆದ್ದಿಲ್ಲ, ರೋಗನಿರೋಧಕ ವ್ಯವಸ್ಥೆ ಅವುಗಳನ್ನು ತಪ್ಪಾಗಿ ಅಟ್ಟುತ್ತಿದೆ ಎಂಬ ತಿಳಿವಳಿಕೆ ಬಲವಾದದ್ದು ಹೀಗೆ. ಆ ಬಳಿಕವಷ್ಟೇ ನಿರೋಧಕ ವ್ಯವಸ್ಥೆಯ ಒಂದೊಂದೇ ಸಂದೇಶವಾಹಕವನ್ನು ಹಿಡಿಯುವ ಜೈವಿಕ ಔಷಧಿಗಳನ್ನು ಈ ರೋಗಕ್ಕೆಂದೇ ರೂಪಿಸಿದರು. ಬೆಂಗಳೂರಿನ ಬಯೋಕಾನ್ ಕಂಪನಿಯ ಇಟೊಲಿಝುಮಾಬ್ 2013ರಲ್ಲಿ ಭಾರತದಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಪಡೆಯಿತು. ಸೋರಲೆನ್ ಪ್ರಕಟವಾದ ಊರಿನಿಂದಲೇ, ಸರಿಯಾಗಿ 80 ವರ್ಷಗಳ ಅನಂತರ. ಅದು ವಯಸ್ಕರಿಗೆ ಮಾತ್ರ. ಎಳೆಯರಿಗೆ ಎಟನರ್ಸೆಪ್ಟ್ (4 ವರ್ಷ ಮೇಲ್ಪಟ್ಟು), ಉಸ್ಟೆಕಿನುಮಾಬ್ (ಮೊದಲಿಗೆ 12 ಮೇಲ್ಪಟ್ಟು) ಅಮೆರಿಕದಲ್ಲಿ 2016 ಮತ್ತು 2017ರಲ್ಲಿ ಒಪ್ಪಿತವಾದವು. ಬೆಲೆ ಮಾತ್ರ ಹಳ್ಳಿಯ ಸಂಸಾರದ ಕೈಗೆಟುಕುವಂತಹದಲ್ಲ.

ಹದಿನಾಲ್ಕರ ಹರೆಯದಲ್ಲಿ

ರೋಗದ ಒಲವು ವಂಶವಾಹಿಗಳಲ್ಲಿರುತ್ತದೆ, ಕಿಡಿ ಹೊರಗಿನಿಂದ ಬೀಳುತ್ತದೆ. ಎಳೆಯರಲ್ಲಿ ಆ ಕಿಡಿ ಎಷ್ಟೋ ಸಲ ಸ್ಟ್ರೆಪ್ಟೊಕಾಕಸ್‌ನಿಂದಾದ ಗಂಟಲುನೋವು. ಅದಾದ ಎರಡು ಮೂರು ವಾರಗಳಲ್ಲಿ ಮೈತುಂಬ ಹನಿ ಸಿಡಿದಂತೆ ಚಿಕ್ಕ ಚಿಕ್ಕ ತೇಪೆಗಳೇಳುತ್ತವೆ. ಇವು ಹಲವರಲ್ಲಿ ತಾವಾಗಿ ಅಡಗುವುದೂ ಉಂಟು. ಗೀರು, ಸುಟ್ಟಗಾಯ, ಹಚ್ಚೆ ಇರುವಲ್ಲಿ ಹೊಸ ತೇಪೆ ಹುಟ್ಟುವುದನ್ನು ಜರ್ಮನಿಯ ಕ್ಯೋಬ್ನರ್ 1870ರ ದಶಕದಲ್ಲೇ ವರ್ಣಿಸಿದ್ದ. ಆದ್ದರಿಂದ ಹೊಟ್ಟನ್ನು ಉಗುರಿನಿಂದ ಕೀಳುವುದು, ಒರಟು ನಾರಿನಿಂದ ಉಜ್ಜುವುದು ಹಾನಿಕರ. ಸ್ನಾನವಾದೊಡನೆ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರುವುದು ಎಲ್ಲ ಚಿಕಿತ್ಸೆಯ ತಳಹದಿ. ಔಷಧಿ ಅಂಗಡಿಯವರು ಕೈಗಿಡುವ ತೀಕ್ಷ್ಣ ಸ್ಟೆರಾಯ್ಡ್ ಮುಲಾಮು ವೈದ್ಯರ ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಸ್ಟೆರಾಯ್ಡ್ ಗುಳಿಗೆ ನುಂಗಿ ತಟ್ಟನೆ ನಿಲ್ಲಿಸಿದರೆ ರೋಗ ಮೈಯೆಲ್ಲ ಕೆರಳಬಹುದು. ಬೆರಳ ಕೀಲು ಊದಿ ಬೆಳಗಿನ ಹೊತ್ತು ಬಿಗಿದರೆ ವೈದ್ಯರಿಗೆ ತಡಮಾಡದೆ ಹೇಳಬೇಕು, ಈ ರೋಗ ಕೀಲುಗಳನ್ನೂ ಹಿಡಿಯುತ್ತದೆ.

ಬೆಳಕಿನ ಚಿಕಿತ್ಸೆಗೆ ವಾರದಲ್ಲಿ ಎರಡು ಮೂರು ದಿನ, ಕೆಲವು ತಿಂಗಳು ಹೋಗಬೇಕು. ಪ್ರತಿ ಸಲ ಕಿರಣದ ಕೆಳಗೆ ನಿಲ್ಲುವುದು ಕೆಲವೇ ನಿಮಿಷ. ಆದರೆ ಬದನವಾಳಿನಿಂದ ನಂಜನಗೂಡು ದಾಟಿ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಬರಲು ಅರ್ಧ ದಿನ ಸಾಲದು, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಎಷ್ಟೋ ಮಕ್ಕಳು ಚಿಕಿತ್ಸೆಯನ್ನು ನಡುವೆ ಬಿಡುವುದು ಇಲ್ಲಿಯೇ. ಆ ದಿನಗಳ ಹಾಜರಿ, ತಪ್ಪಿದ ಪಾಠ, ಕಿರುಪರೀಕ್ಷೆಗಳನ್ನು ಹೊಂದಿಸಿಕೊಡುವುದು ನಿಮ್ಮ ಕೈಯಲ್ಲಿದೆ.