ಮತ ಎಣಿಸದ ಸಭೆ: ಫಿಲಡೆಲ್ಫಿಯಾದ ಕ್ವೇಕರರು ಮತ್ತು ಗುಲಾಮಗಿರಿ, 1688–1776

ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ಮೊದಲು ದನಿಯೆತ್ತಿದ ಧಾರ್ಮಿಕ ಸಮುದಾಯ ಕ್ವೇಕರರದು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಮಾತು ಸುಳ್ಳಲ್ಲ. ಆದರೆ ಆ ಸಮುದಾಯದೊಳಗಿನಿಂದ ಮೊದಲ ಲಿಖಿತ ಪ್ರತಿಭಟನೆ ಹೊರಟದ್ದು 1688ರಲ್ಲಿ. ಗುಲಾಮರನ್ನು ಇಟ್ಟುಕೊಂಡವರಿಗೆ ಸದಸ್ಯತ್ವವಿಲ್ಲ ಎಂದು ಸಮುದಾಯ ತೀರ್ಮಾನಿಸಿದ್ದು 1776ರಲ್ಲಿ. ನಡುವಿನ 88 ವರ್ಷಗಳನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುವ ರೂಢಿಯಿದೆ. ಈ ಟಿಪ್ಪಣಿಯ ಗಮನವಿರುವುದು ಆ ವರ್ಷಗಳ ಮೇಲೆ, ಅದರಲ್ಲೂ ಸಮುದಾಯದ ಸಂಘಟನೆಯ ಮೇಲೆ. ತೀರ್ಮಾನವನ್ನು ಅಷ್ಟು ಕಾಲ ತಡೆದ ವ್ಯವಸ್ಥೆಯೇ ಕೊನೆಗೆ ಅದನ್ನು ಮನೆಮನೆಗೆ ಮುಟ್ಟಿಸಿತು ಎಂಬುದು ನನ್ನ ವಾದ.

ಹದಿನೇಳನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಮಾರ್ಗರೆಟ್ ಫೆಲ್ ಮೊದಲಾದವರ ಸುತ್ತ ರೂಪುಗೊಂಡ ಈ ಪಂಥದವರು ತಮ್ಮನ್ನು ‘ಫ್ರೆಂಡ್ಸ್’ ಎಂದು ಕರೆದುಕೊಂಡರು. ದೇವರ ಬೆಳಕು ಪ್ರತಿಯೊಬ್ಬರೊಳಗೂ ಇದೆ ಎಂಬ ನಂಬಿಕೆಯಿಂದ ಪಾದ್ರಿಯನ್ನು ಬಿಟ್ಟರು, ಮೌನವಾಗಿ ಕೂತು ಕಾಯುವುದನ್ನೇ ಆರಾಧನೆ ಮಾಡಿಕೊಂಡರು, ಆಣೆ ಮಾಡಲು ಮತ್ತು ಆಯುಧ ಹಿಡಿಯಲು ನಿರಾಕರಿಸಿದರು. ವಿಲಿಯಂ ಪೆನ್‌ಗೆ ಪೆನ್ಸಿಲ್ವೇನಿಯಾದ ಸನ್ನದು ಸಿಕ್ಕ 1681ರಲ್ಲೇ ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಅಲ್ಲಿನ ಮೊದಲ ವಾರ್ಷಿಕ ಸಭೆ ಸೇರಿತು. ಮುಂದೆ ಅದು ಬರ್ಲಿಂಗ್ಟನ್ ಮತ್ತು ಫಿಲಡೆಲ್ಫಿಯಾಗಳಲ್ಲಿ ಸರದಿಯ ಮೇಲೆ ನಡೆದು, 1760ರ ಹೊತ್ತಿಗೆ ಫಿಲಡೆಲ್ಫಿಯಾದಲ್ಲೇ ನೆಲೆಯೂರಿತು. ಪೂರ್ವ ಪೆನ್ಸಿಲ್ವೇನಿಯಾ, ದಕ್ಷಿಣ ನ್ಯೂಜೆರ್ಸಿ, ಡೆಲವೇರ್ ಮತ್ತು ಮೇರಿಲ್ಯಾಂಡಿನ ಒಂದು ಭಾಗ ಇಂದಿಗೂ ಅದರ ವ್ಯಾಪ್ತಿ.

ಸಂಘಟನೆ ಮೂರು ಹಂತದ್ದು. ಒಂದು ಊರಿನ ಅಥವಾ ನೆರೆಹೊರೆಯ ಆರಾಧಕರದು ಮಾಸಿಕ ಸಭೆ. ಸದಸ್ಯತ್ವ, ಮದುವೆ, ಬಡವರ ನೆರವು, ಶಿಸ್ತುಕ್ರಮ ಎಲ್ಲವೂ ಅದರ ಕೈಯಲ್ಲಿ. ಹಲವು ಮಾಸಿಕ ಸಭೆಗಳು ಸೇರಿ ತ್ರೈಮಾಸಿಕ ಸಭೆ. ಅವೆಲ್ಲ ಸೇರಿ ವಾರ್ಷಿಕ ಸಭೆ. ಯಾವ ಹಂತದಲ್ಲೂ ಕೈ ಎತ್ತಿಸಿ ಮತ ಎಣಿಸುವುದಿಲ್ಲ. ಬಂದ ಮಾತುಗಳನ್ನೆಲ್ಲ ಕೇಳಿಸಿಕೊಂಡ ಕ್ಲರ್ಕ್, ಸಭೆಯ ಒಟ್ಟು ಮನಸ್ಸು ಎತ್ತ ಇದೆ ಎಂದು ತನಗೆ ತೋರಿದ್ದನ್ನು ನಡಾವಳಿಯಾಗಿ ಬರೆದು ಓದುತ್ತಾನೆ. ಸಭೆ ಒಪ್ಪಿದರೆ ಅದೇ ತೀರ್ಮಾನ. ಗಂಭೀರ ಭಿನ್ನಾಭಿಪ್ರಾಯ ಉಳಿದರೆ ವಿಷಯವನ್ನು ಮುಂದೂಡುತ್ತಾರೆ. ಬಹುಮತದ ಬಲದಿಂದ ಯಾರನ್ನೂ ತುಳಿಯಬಾರದೆಂಬ ಉದ್ದೇಶ ಇದರ ಹಿಂದಿದೆ. ಆ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಹೀಗೆ ಮುಂದೂಡುವಾಗ ಆಗುವ ನಷ್ಟವನ್ನು ಹೊರುವವರು ಸಭೆಯ ಹೊರಗಿದ್ದರೆ, ಆ ನಷ್ಟ ನಡಾವಳಿಯಲ್ಲಿ ಕಾಣುವುದೇ ಇಲ್ಲ.

1688ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಪಕ್ಕದ ಜರ್ಮನ್‌ಟೌನ್‌ನಲ್ಲಿ ನಾಲ್ವರು ಒಂದು ಮನವಿಗೆ ಸಹಿ ಹಾಕಿದರು: ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್, ಗ್ಯಾರೆಟ್ ಹೆಂಡರಿಕ್ಸ್, ಡೆರಿಕ್ ಮತ್ತು ಅಬ್ರಹಾಂ ಆಪ್ ಡೆನ್ ಗ್ರಾಫ್. ಜರ್ಮನ್ ಮತ್ತು ಡಚ್ ನೆಲದಿಂದ ಬಂದ ಇವರ ಇಂಗ್ಲಿಷ್ ತೊಡಕಿನದು, ತರ್ಕ ಮಾತ್ರ ನೇರ. ನಮಗೆ ಹೀಗೆ ಮಾಡಿದರೆ ಒಪ್ಪುತ್ತೇವೆಯೇ ಎಂಬ ಪ್ರಶ್ನೆಯಿಂದ ಅದು ಶುರುವಾಗುತ್ತದೆ. ಕದ್ದ ಮನುಷ್ಯರನ್ನು ಕೊಳ್ಳುವುದು ಕದ್ದ ಮಾಲು ಕೊಂಡಂತೆ ಎನ್ನುತ್ತದೆ. ಯೂರೋಪಿನಲ್ಲಿ ನಂಬಿಕೆಗಾಗಿ ಹಿಂಸೆ ಅನುಭವಿಸಿದವರು ಇಲ್ಲಿ ಬಣ್ಣದ ಕಾರಣಕ್ಕೆ ಹಿಂಸಿಸುತ್ತಿದ್ದೇವೆ ಎಂದು ನೆನಪಿಸುತ್ತದೆ. ನನ್ನ ಮಟ್ಟಿಗೆ ಅದರ ಅತಿ ಹರಿತವಾದ ಪ್ರಶ್ನೆ ಬೇರೆಯದು: ಗುಲಾಮರು ಒಂದಾಗಿ ತಿರುಗಿಬಿದ್ದು ಬಿಡುಗಡೆಗಾಗಿ ಹೋರಾಡಿದರೆ, ಖಡ್ಗ ಹಿಡಿಯುವುದಿಲ್ಲ ಎನ್ನುವ ಈ ಒಡೆಯರು ಏನು ಮಾಡುತ್ತಾರೆ? ಗುಲಾಮಗಿರಿ ನಿಂತಿರುವುದೇ ಬಲಪ್ರಯೋಗದ ಮೇಲೆ, ಹಾಗಾಗಿ ಶಾಂತಿವ್ರತವೂ ಅದೂ ಒಂದೇ ಮನೆಯಲ್ಲಿ ಇರಲಾರವು ಎಂಬ ವಾದ ಆಗಲೇ ಅಲ್ಲಿ ಸಿದ್ಧವಾಗಿತ್ತು.

ಮಾಸಿಕ ಸಭೆ ಈ ಮನವಿಯನ್ನು ನೋಡಿ, ವಿಷಯ ತುಂಬ ಭಾರವಾದದ್ದೆಂದು ತ್ರೈಮಾಸಿಕ ಸಭೆಗೆ ಕಳಿಸಿತು. ಅಲ್ಲಿಂದ ಅದು ಬರ್ಲಿಂಗ್ಟನ್‌ನ ವಾರ್ಷಿಕ ಸಭೆಗೆ ಹೋಯಿತು. ಇದು ಇತರ ಪ್ರದೇಶಗಳಿಗೂ ಸಂಬಂಧಿಸಿದ ವಿಷಯ, ತಾನು ಖಚಿತ ನಿರ್ಣಯ ಕೊಡುವುದು ಸರಿಯಲ್ಲ ಎಂದು ವಾರ್ಷಿಕ ಸಭೆ ಕೈತೊಳೆದುಕೊಂಡಿತು. ಹಾಳೆ ಕಡತದಲ್ಲಿ ಸೇರಿ ಮರೆತುಹೋಗಿ 1844ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಇನ್ನೊಮ್ಮೆ ಕಾಣೆಯಾಗಿ 2005ರಲ್ಲಿ ಆರ್ಚ್ ಸ್ಟ್ರೀಟ್ ಸಭಾಮಂದಿರದಲ್ಲಿ ಸಿಕ್ಕಿತು.

ಉತ್ತರ ಹೀಗೇಕೆ ಬಂತು ಎಂಬುದಕ್ಕೆ ಸಿದ್ಧಾಂತದಲ್ಲಿ ಕಾರಣ ಹುಡುಕುವ ಮೊದಲು, ಸಭೆಯ ಮುಂದಿನ ಬೆಂಚುಗಳಲ್ಲಿ ಯಾರಿದ್ದರು ಎಂದು ನೋಡಬೇಕು. ಜೀನ್ ಸೋಡರ್ಲಂಡ್ 1985ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೆಲಸ ಮಾಡಿತು. ಹದಿನೆಂಟನೆಯ ಶತಮಾನದ ಆರಂಭದ ದಶಕಗಳಲ್ಲಿ ವಾರ್ಷಿಕ ಸಭೆಯ ಮುಂದಾಳುಗಳಲ್ಲಿ ಅನೇಕರು ಸ್ವತಃ ಗುಲಾಮರ ಒಡೆಯರು. ಹೊಸದಾಗಿ ಗುಲಾಮರನ್ನು ತರಿಸಿಕೊಳ್ಳಬೇಡಿ ಎಂದು 1696ರಲ್ಲಿ ಸಭೆ ಬುದ್ಧಿಮಾತು ಹೇಳಿತು, ಮೀರಿದವರಿಗೆ ಶಿಕ್ಷೆಯಿರಲಿಲ್ಲ. ಚೆಸ್ಟರ್‌ನ ಸಭೆ 1711ರಿಂದ ಮತ್ತೆ ಮತ್ತೆ ಒತ್ತಾಯಿಸಿದಾಗ, ವಾರ್ಷಿಕ ಸಭೆ ಲಂಡನ್ನಿನ ವಾರ್ಷಿಕ ಸಭೆಯ ಅಭಿಪ್ರಾಯ ಕೇಳಿ ಬರೆಯಿತು. ಕೆಳಗಿನಿಂದ ಬಂದ ಪ್ರಶ್ನೆಯನ್ನು ಮೇಲಕ್ಕೋ ಪಕ್ಕಕ್ಕೋ ದಾಟಿಸಲು ಈ ರಚನೆಯಲ್ಲಿ ಸದಾ ಒಂದು ದಾರಿಯಿತ್ತು.

ಪುಸ್ತಕ ಪ್ರಕಟಿಸುವ ಮುನ್ನ ಸಮುದಾಯದ ಪರಿಶೀಲಕರ ಒಪ್ಪಿಗೆ ಬೇಕು ಎಂಬ ನಿಯಮವೂ ಅಡ್ಡವಾಯಿತು. ಬೆಂಜಮಿನ್ ಲೇ ಎಂಬ ಕ್ವೇಕರ್ ಒಪ್ಪಿಗೆಗೆ ಕಾಯದೆ ಗುಲಾಮಗಿರಿಯ ವಿರುದ್ಧ ಬರೆದ ಪುಸ್ತಕವನ್ನು 1737ರಲ್ಲಿ ಮುದ್ರಿಸಿದಾತ ಬೆಂಜಮಿನ್ ಫ್ರಾಂಕ್ಲಿನ್. ಮರುವರ್ಷ ಬರ್ಲಿಂಗ್ಟನ್‌ನ ವಾರ್ಷಿಕ ಸಭೆಗೆ ಲೇ ಮೇಲಂಗಿಯ ಒಳಗೆ ಸೈನಿಕನ ವೇಷ ತೊಟ್ಟು ಬಂದ. ಕೊರೆದು ಟೊಳ್ಳು ಮಾಡಿದ ಪುಸ್ತಕದೊಳಗೆ ಕೆಂಪು ಹಣ್ಣಿನ ರಸದ ಚೀಲವಿಟ್ಟು, ಕತ್ತಿಯಿಂದ ಚುಚ್ಚಿ, ಒಡೆಯರ ಮೇಲೆ ಆ ‘ರಕ್ತ’ ಸಿಡಿಸಿದ. ಜರ್ಮನ್‌ಟೌನಿನವರು ಕಾಗದದಲ್ಲಿ ಕೇಳಿದ ಪ್ರಶ್ನೆಯನ್ನೇ ಲೇ ಕಣ್ಣೆದುರು ಆಡಿ ತೋರಿಸಿದ ಎಂದು ನಾನು ಓದುತ್ತೇನೆ. ಸಮುದಾಯ ಅವನನ್ನು ಹೊರಗಿಟ್ಟಿತು. ಅಬಿಂಗ್ಟನ್ ಸಭೆ ಅವನನ್ನು ಮತ್ತೆ ತನ್ನವನೆಂದು ಒಪ್ಪಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ.

1750ರ ದಶಕದಲ್ಲಿ ಒಂದರ ಮೇಲೊಂದು ಬದಲಾವಣೆಗಳಾದವು. ವಾರ್ಷಿಕ ಸಭೆಯ ಕ್ಲರ್ಕೂ ಪ್ರಾಂತ್ಯದ ಶಾಸನಸಭೆಯ ಸಭಾಧ್ಯಕ್ಷನೂ ಆಗಿದ್ದ ಜಾನ್ ಕಿನ್ಸಿ 1750ರಲ್ಲಿ ತೀರಿಕೊಂಡ. ಧರ್ಮ ಮತ್ತು ಅಧಿಕಾರ ಒಬ್ಬನ ಕೈಯಲ್ಲೇ ಸೇರಿದ್ದ ಕಾಲ ಅಲ್ಲಿಗೆ ಮುಗಿಯುತ್ತ ಬಂತು. 1756ರಲ್ಲಿ ಪ್ರಾಂತ್ಯ ಡೆಲವೇರ್ ಬುಡಕಟ್ಟಿನ ಮೇಲೆ ಯುದ್ಧ ಸಾರಿತು. ಯುದ್ಧಕ್ಕೆ ಹಣ ಒದಗಿಸಲು ಮನಸ್ಸು ಒಪ್ಪದ ಆರು ಕ್ವೇಕರರು ಶಾಸನಸಭೆ ಬಿಟ್ಟು ಬಂದರು. ಅಧಿಕಾರ ಕೈಬಿಟ್ಟಾಗ ಉಳಿಸಿಕೊಳ್ಳಲು ತಮ್ಮ ಶುದ್ಧಿಯೊಂದೇ ಇತ್ತು. ಶಿಸ್ತು ಬಿಗಿಯಾಯಿತು, ಗುಲಾಮಗಿರಿಯ ಪ್ರಶ್ನೆ ಆ ಶಿಸ್ತಿನೊಳಗೆ ಬಂತು.

ಇದೇ ಹೊತ್ತಿಗೆ ಜಾನ್ ವುಲ್ಮನ್ ಮುಂದೆ ಬಂದ. ನ್ಯೂಜೆರ್ಸಿಯ ಮೌಂಟ್ ಹಾಲಿಯ ದರ್ಜಿ. ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಯಜಮಾನನ ಮಾತಿಗೆ ಕಟ್ಟುಬಿದ್ದು ಒಬ್ಬ ಕಪ್ಪು ಹೆಂಗಸಿನ ಕ್ರಯಪತ್ರ ಬರೆದುಕೊಟ್ಟಿದ್ದ; ಆ ಸಂಕಟ ಮತ್ತೆ ಬಿಡಲಿಲ್ಲ. ಗುಲಾಮರಿರುವ ಮನೆಯಲ್ಲಿ ಉಂಡು ತಂಗಿದರೆ ಆ ಸೇವೆಗೆ ಹಣ ಕೊಟ್ಟು ಬರುತ್ತಿದ್ದ. ಗುಲಾಮಗಿರಿಯ ಕುರಿತ ಆತನ ಪ್ರಬಂಧವನ್ನು ಪರಿಶೀಲಕರು ಒಪ್ಪಿದ್ದರಿಂದ ಅದು 1754ರಲ್ಲಿ ಅಚ್ಚಾಯಿತು. 1758ರ ವಾರ್ಷಿಕ ಸಭೆಯಲ್ಲಿ ವಿಷಯವನ್ನು ಮತ್ತೆ ಮುಂದೂಡುವ ಮಾತು ಬಂದಾಗ ವುಲ್ಮನ್ ಎದ್ದು ನಿಂತ. ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ವ್ಯವಹಾರ ಸಭೆಗಳಿಂದ ದೂರವಿಡುವುದು, ಅವರ ದೇಣಿಗೆಯನ್ನೂ ಮುಟ್ಟದಿರುವುದು ಎಂದು ಅಂದು ತೀರ್ಮಾನವಾಯಿತು. ಒಡೆಯರ ಮನೆಗಳಿಗೆ ಹೋಗಿ ಮಾತಾಡಲು ವುಲ್ಮನ್, ಡೇನಿಯಲ್ ಸ್ಟಾಂಟನ್ ಮೊದಲಾದವರ ಸಮಿತಿಯೂ ನೇಮಕವಾಯಿತು.

ಈ ಮನೆಭೇಟಿಗಳಿಗೆ ಇತಿಹಾಸಕಾರರು ಇನ್ನೂ ಹೆಚ್ಚಿನ ತೂಕ ಕೊಡಬೇಕೆಂದು ನನಗನ್ನಿಸುತ್ತದೆ. ಮೂರು ಹಂತಗಳಲ್ಲಿ ಮೇಲೇರಿ ಕಳೆದುಹೋಗುತ್ತಿದ್ದ ಪ್ರಶ್ನೆ ಈಗ ಅದೇ ಮೆಟ್ಟಿಲುಗಳಿಂದ ಕೆಳಗಿಳಿಯಿತು. 1776ರಲ್ಲಿ ವಾರ್ಷಿಕ ಸಭೆ ಗುಲಾಮರನ್ನು ಬಿಡದವರನ್ನು ಹೊರಹಾಕಲು ಹೇಳಿದಾಗ, ಅದನ್ನು ಜಾರಿಮಾಡಲು ಬೇಕಾದ ಮಾಸಿಕ ಸಭೆಗಳು, ಸದಸ್ಯರ ಪಟ್ಟಿ, ಹೋಗಿಬರುವ ಸಮಿತಿಗಳು ಎಲ್ಲವೂ ಸಿದ್ಧವಿದ್ದವು. ಬಿಡುಗಡೆ ಪತ್ರಗಳನ್ನು ಬರೆಸಿ ಸಭೆಯ ದಾಖಲೆಯಲ್ಲಿ ಸೇರಿಸಿಕೊಂಡರು. ಬರಿಯ ಬಹುಮತದ ಠರಾವಾಗಿದ್ದರೆ ಸೋತ ಪಕ್ಷ ಅದನ್ನು ಇಷ್ಟು ಒಪ್ಪಿಕೊಳ್ಳುತ್ತಿತ್ತೇ ಎಂಬುದು ಕೇಳಬೇಕಾದ ಪ್ರಶ್ನೆ. ಅಷ್ಟು ವರ್ಷ ದುಡಿದು ಸತ್ತವರ ಮುಂದೆ ಅದು ಸಮರ್ಥನೆಯಾಗದು ಎಂಬುದೂ ಅಷ್ಟೇ ನಿಜ.

1827ರಲ್ಲಿ ವಾರ್ಷಿಕ ಸಭೆ ಎಲಿಯಾಸ್ ಹಿಕ್ಸ್‌ನ ಅನುಯಾಯಿಗಳು ಮತ್ತು ಸಂಪ್ರದಾಯಸ್ಥರು ಎಂದು ಎರಡಾಯಿತು, 1955ರಲ್ಲಿ ಮತ್ತೆ ಒಂದಾಯಿತು. ಆ ಕಥೆ ಇಲ್ಲಿ ಬೇಡ. ಆದರೆ 1776 ಏನನ್ನು ಬಗೆಹರಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಸ್ ಮತ್ತು ತಾಯಿ ಗ್ರೇಸ್ ಬಸ್ಟಿಲ್ ಡಗ್ಲಸ್ ಆರ್ಚ್ ಸ್ಟ್ರೀಟ್ ಸಭೆಗೆ ಬರುತ್ತಿದ್ದರು. ಕಪ್ಪು ಜನರಿಗೆಂದು ಅಲ್ಲಿ ಬೇರೆ ಬೆಂಚು. ಈ ಅವಮಾನವನ್ನು ಸಾರಾ 1837ರಲ್ಲಿ ವಿಲಿಯಂ ಬ್ಯಾಸೆಟ್‌ಗೆ ಪತ್ರದಲ್ಲಿ ಬರೆದರು. ಅವರ ಜೊತೆ ಅದೇ ಬೆಂಚಿನಲ್ಲಿ ಕೂತ ಬಿಳಿಯ ಸದಸ್ಯೆಯರು ಸಾರಾ ಮತ್ತು ಏಂಜೆಲಿನಾ ಗ್ರಿಮ್ಕೆ. 1838ರಲ್ಲಿ ಏಂಜೆಲಿನಾ ಪಂಥದ ಹೊರಗಿನ ಥಿಯೊಡೋರ್ ವೆಲ್ಡ್‌ನನ್ನು ಮದುವೆಯಾದ ಕಾರಣಕ್ಕೆ, ಸಾರಾ ಗ್ರಿಮ್ಕೆ ಆ ಮದುವೆಗೆ ಹೋದ ಕಾರಣಕ್ಕೆ, ಇಬ್ಬರನ್ನೂ ಸಭೆ ಹೊರಹಾಕಿತು. ಗುಲಾಮರ ಒಡೆಯರ ಮೇಲೆ ಪ್ರಯೋಗಿಸಲು ಎಂಬತ್ತೆಂಟು ವರ್ಷ ಹಿಂಜರಿದ ಶಿಸ್ತುಕ್ರಮ, ಈ ಅಕ್ಕತಂಗಿಯರ ಮೇಲೆ ಪ್ರಯೋಗವಾಗಲು ಹೆಚ್ಚು ದಿನ ಹಿಡಿಯಲಿಲ್ಲ.